ಸ್ವಂತ ಥಿಯರಮ್ ಪ್ರೂವರ್ ಕಟ್ಟುವುದು, ಕಟ್ಟಿದ್ದನ್ನು ಕೆಡಿಸದೆ ಬದಲಿಸುವುದು: ಪ್ರಾಜೆಕ್ಟ್ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಾಜರಾತಿ ಆ್ಯಪ್, ಚಾಟ್‌ಬಾಟ್ ಬಿಟ್ಟು ಬೇರೇನಾದರೂ ಮಾಡಬೇಕೆಂದು ಹೊರಟ ತಂಡಗಳಿಗೆ ಈ ಬರಹ. ಮೂರ್ನಾಲ್ಕು ಜನ, ಎರಡು ಸೆಮಿಸ್ಟರ್, 8 ಜಿಬಿ ರ‍್ಯಾಮ್‌ನ ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಸಾಕು. ರಿಕರ್ಶನ್ ಕೈಗೆ ಹತ್ತಿರಬೇಕು, ಡಿಸ್ಕ್ರೀಟ್ ಮ್ಯಾಥ್ಸ್‌ನ ತರ್ಕದ ಭಾಗ ಮರೆತಿರಬಾರದು.

ಇಂಟರ್‌ಆ್ಯಕ್ಟಿವ್ ಥಿಯರಮ್ ಪ್ರೂವರ್‌ನಲ್ಲಿ ಪ್ರಮೇಯದ (ಥಿಯರಮ್) ಸಾಧನೆಯ (ಪ್ರೂಫ್) ಹೆಜ್ಜೆಗಳನ್ನು ಹೇಳುವವರು ನಾವು, ಪ್ರತಿ ಹೆಜ್ಜೆ ಸರಿಯೇ ಎಂದು ನೋಡುವುದು ಯಂತ್ರ. ತಾನಾಗಿಯೇ ಸಾಧನೆ ಹುಡುಕುವ ಸಾಫ್ಟ್‌ವೇರ್ ಬೇರೆ ಜಾತಿ. ಅದನ್ನು ಇಲ್ಲಿಗೆ ತರಬೇಡಿ. ಬಹಳಷ್ಟು ತಂಡಗಳು ಮೊದಲ ತಿಂಗಳಲ್ಲೇ ಆಟೊಮೇಶನ್ ಬರೆಯಲು ಕೂತು ಅಲ್ಲೇ ಮುಗ್ಗರಿಸುತ್ತವೆ.

ನಂಬಿಕೆ ಎಲ್ಲಿ ಇಡುತ್ತೀರಿ?

ಪ್ರೂವರ್ ‘ಆಯಿತು, ಸಾಧಿಸಿದೆ’ ಅಂದಾಗ ನೀವು ನಂಬುತ್ತಿರುವುದು ಯಾವ ಕೋಡನ್ನು? ಎಲ್ಲಕ್ಕಿಂತ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಇದು. ಉತ್ತರ ‘ಇಡೀ ಪ್ರೋಗ್ರಾಮನ್ನು’ ಎಂದಾದರೆ ಮುಂದೆ ಒಂದು ಸಾಲು ಬದಲಿಸಲೂ ಕೈ ನಡುಗುತ್ತದೆ. ಉತ್ತರ ‘ಈ ಒಂದು ಸಣ್ಣ ಕರ್ನಲ್ಲನ್ನು (ಸಾಧನೆ ಪರೀಕ್ಷಿಸುವ ತಿರುಳನ್ನು) ಮಾತ್ರ’ ಎಂದಾದರೆ ಉಳಿದದ್ದನ್ನೆಲ್ಲ ಧೈರ್ಯವಾಗಿ ಕೆಡವಿ ಕಟ್ಟಬಹುದು. ಆಗಲೂ ತಪ್ಪುಗಳು ನುಸುಳುತ್ತವೆ, ಆದರೆ ಅವು ಸರಿಯಾದ ಸಾಧನೆಯನ್ನು ತಿರಸ್ಕರಿಸಬಹುದೇ ಹೊರತು ಸುಳ್ಳನ್ನು ಒಪ್ಪಲಾರವು.

ದಾರಿ ಎರಡಿವೆ. 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಮತ್ತು ಸಂಗಡಿಗರು ಎಲ್‌ಸಿಎಫ್ ಎಂಬ ಪ್ರೂವರ್‌ಗಾಗಿ ಎಂಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೇ ರೂಪಿಸಿದರು. ಅಲ್ಲಿ ‘ಪ್ರಮೇಯ’ ಒಂದು ಅಮೂರ್ತ ಟೈಪ್. ತರ್ಕದ ನಿಯಮಗಳ ಫಂಕ್ಷನ್‌ಗಳು ಬಿಟ್ಟರೆ ಬೇರೆ ಯಾವ ಕೋಡಿಗೂ ಆ ಟೈಪಿನ ಮೌಲ್ಯ ಹುಟ್ಟಿಸಲು ಬರುವುದಿಲ್ಲ. ಈ ದಾರಿಯ ಎಚ್‌ಓಎಲ್ ಲೈಟ್ ಎಂಬ ಪ್ರೂವರ್‌ನಲ್ಲಿ ಮೂಲ ನಿಯಮಗಳು 10, ಆಕ್ಸಿಯಮ್‌ಗಳು 3, ಕರ್ನಲ್ ಕೆಲವೇ ನೂರು ಸಾಲು. ಇನ್ನೊಂದು ದಾರಿಯಲ್ಲಿ ಸಾಧನೆಯೇ ಒಂದು ಟರ್ಮ್ (ಪ್ರೂವರ್ ಭಾಷೆಯ ಅಭಿವ್ಯಕ್ತಿ), ಪ್ರಮೇಯದ ಹೇಳಿಕೆ ಅದರ ಟೈಪ್, ಕರ್ನಲ್ ಎಂದರೆ ಟೈಪ್ ಚೆಕರ್. ಡಚ್ ಗಣಿತಜ್ಞ ಡಿ ಬ್ರೂಯ್ನ್ ಅವರ ಆಟೊಮ್ಯಾತ್, 1984ರಲ್ಲಿ ಕೆಲಸ ಶುರುವಾಗಿ 2025ರಲ್ಲಿ ರಾಕ್ ಎಂದು ಹೆಸರು ಬದಲಿಸಿಕೊಂಡ ಕಾಕ್, ಮತ್ತು ಲೀನ್ ಈ ಸಾಲಿನ ಪ್ರೂವರ್‌ಗಳು.

ಎರಡನೆಯದನ್ನೇ ಆರಿಸಿ. ಸಾಧನೆ ದತ್ತಾಂಶವಾಗಿ ಕೈಯಲ್ಲೇ ಉಳಿಯುತ್ತದೆ; ಕೋಡ್ ಬದಲಿಸಿದ ಮೇಲೆ ಅದೇ ಟರ್ಮನ್ನು ಮತ್ತೆ ಚೆಕ್ ಮಾಡಿಸಬಹುದು, ಹಳೆಯ ಚೆಕರ್‌ಗೂ ಹೊಸ ಚೆಕರ್‌ಗೂ ಒಟ್ಟಿಗೆ ಕೊಟ್ಟು ತಾಳೆ ನೋಡಬಹುದು. ಕರ್ನಲ್ಲಿನ ಗಾತ್ರ 600ರಿಂದ 800 ಸಾಲು ಮೀರದಿರಲಿ. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿದವರು ಧಾರವಾಡದಲ್ಲಿ ಇಳಿಯುವಷ್ಟರಲ್ಲಿ ಅರ್ಧ, ಮರಳುವಾಗ ಉಳಿದರ್ಧ ಓದಿ ಮುಗಿಸುವಂತಿರಬೇಕು.

ಭಾಷೆಗೆ ಓಕ್ಯಾಮಲ್ ಸಾಕು: ಬಿಲ್ಡ್‌ಗೆ ಡ್ಯೂನ್, ಪಾರ್ಸರ್‌ಗೆ ಮೆನ್ಹಿರ್, ಲೆಕ್ಸರ್‌ಗೆ ಸೆಡ್‌ಲೆಕ್ಸ್. ಪೈಥಾನ್‌ನಲ್ಲಿ ಮಾಡಬಾರದೆಂದಲ್ಲ. ಆದರೆ ಅಲ್ಲಿ ಅಮೂರ್ತ ಟೈಪನ್ನು ಹೊರಗಿನವರು ಮುಟ್ಟದಂತೆ ಭಾಷೆಯೇ ತಡೆಯುವುದಿಲ್ಲ, ನಂಬಿಕೆಯ ಗಡಿ ಬರೀ ಬಾಯಿಮಾತಾಗುತ್ತದೆ.

ಟರ್ಮ್ ಮತ್ತು ಇಂಡೆಕ್ಸ್

ಟರ್ಮ್‌ಗೆ ಆರು ರೂಪ ಸಾಕು: ಬದ್ಧ ವೇರಿಯೇಬಲ್, ಸಾರ್ಟ್ (ಟೈಪ್‌ಗಳ ಟೈಪ್: ಹೇಳಿಕೆಗಳಿಗೆ ಪ್ರಾಪ್, ದತ್ತಾಂಶಕ್ಕೆ ಟೈಪ್ 0, ಟೈಪ್ 1...), ಪೈ (ಫಂಕ್ಷನ್‌ನ ಟೈಪ್), ಲ್ಯಾಮ್ಡಾ (ಫಂಕ್ಷನ್), ಅನ್ವಯ (ಫಂಕ್ಷನ್‌ಗೆ ವಾದ, ಅಂದರೆ ಆರ್ಗ್ಯುಮೆಂಟ್, ಕೊಡುವುದು), ಜಾಗತಿಕ ಕಾನ್‌ಸ್ಟೆಂಟ್ (ಹೆಸರಿಟ್ಟು ಘೋಷಿಸಿದ್ದು). ಬದ್ಧ ವೇರಿಯೇಬಲ್‌ಗೆ ಹೆಸರು ಇಡಬೇಡಿ. ಡಿ ಬ್ರೂಯ್ನ್ 1972ರಲ್ಲಿ ಕೊಟ್ಟ ಇಂಡೆಕ್ಸ್ ಬಳಸಿ. ಎಷ್ಟು ಲ್ಯಾಮ್ಡಾ ಹೊರಗೆ ದಾಟಿದರೆ ತನ್ನ ಬೈಂಡರ್ (ಆ ವೇರಿಯೇಬಲ್ಲನ್ನು ಪರಿಚಯಿಸಿದ ಲ್ಯಾಮ್ಡಾ ಅಥವಾ ಪೈ) ಸಿಗುತ್ತದೆ ಎಂಬ ಎಣಿಕೆಯೇ ಇಂಡೆಕ್ಸ್, 0ಯಿಂದ ಶುರು. ಎರಡು ವಾದಗಳನ್ನು ತೆಗೆದುಕೊಂಡು ಮೊದಲನೆಯದನ್ನು ಮರಳಿಸುವ ಫಂಕ್ಷನ್ ಹೀಗಾಗುತ್ತದೆ: ಲ್ಯಾಮ್ಡಾ ಲ್ಯಾಮ್ಡಾ 1.

ಬರೆಯಬೇಕಾದ ಫಂಕ್ಷನ್ ಎರಡು: ಶಿಫ್ಟ್ (ಹೊರಗಿನ ವೇರಿಯೇಬಲ್‌ಗಳ ಇಂಡೆಕ್ಸ್ ಏರಿಳಿಸುವುದು) ಮತ್ತು ಸಬ್‌ಸ್ಟಿಟ್ಯೂಷನ್ (ವೇರಿಯೇಬಲ್ ಜಾಗಕ್ಕೆ ಟರ್ಮ್ ಹಾಕುವುದು). ಬೀಟಾ ಹೆಜ್ಜೆಯಲ್ಲಿ, ಅಂದರೆ ಲ್ಯಾಮ್ಡಾಗೆ ವಾದ ಕೊಟ್ಟು ಬಿಡಿಸುವಾಗ, ವಾದವನ್ನು 1 ಮೇಲಕ್ಕೆ ಶಿಫ್ಟ್ ಮಾಡಿ, ಬಾಡಿಯಲ್ಲಿ 0 ಇದ್ದಲ್ಲಿ ಹಾಕಿ, ಬಂದದ್ದನ್ನು 1 ಕೆಳಕ್ಕೆ ಶಿಫ್ಟ್ ಮಾಡಬೇಕು. ಒಳಗೆ ಇನ್ನೊಂದು ಲ್ಯಾಮ್ಡಾ ದಾಟಿದಾಗಲೆಲ್ಲ ಹುಡುಕುವ ಇಂಡೆಕ್ಸ್ ಮತ್ತು ಹಾಕುವ ಟರ್ಮ್ ಎರಡೂ ಒಂದೊಂದು ಏರಬೇಕು. ಇಲ್ಲಿ ತಪ್ಪದವರಿಲ್ಲ. ಪರೀಕ್ಷೆ ಸುಲಭ: ಮೇಲಿನ ಲ್ಯಾಮ್ಡಾ ಲ್ಯಾಮ್ಡಾ 1ಕ್ಕೆ ಹೊರಗಿನ ಸ್ವತಂತ್ರ ವೇರಿಯೇಬಲ್ 0ಯನ್ನು ಕೊಡಿ. ಉತ್ತರ ಲ್ಯಾಮ್ಡಾ 1 ಬರಬೇಕು. ಲ್ಯಾಮ್ಡಾ 0 ಬಂದರೆ ಹೊರಗಿನ ವೇರಿಯೇಬಲ್ ಒಳಗಿನ ಬೈಂಡರ್‌ಗೆ ಸಿಕ್ಕಿಬಿದ್ದಿದೆ, ಸ್ಥಿರ ಫಂಕ್ಷನ್ ಆಗಬೇಕಾದದ್ದು ಐಡೆಂಟಿಟಿ ಫಂಕ್ಷನ್ ಆಗಿದೆ. ಇಂಥ ತಪ್ಪು ಸಣ್ಣ ಉದಾಹರಣೆಗಳಲ್ಲಿ ಕಾಣದೆ ವಾರಗಟ್ಟಲೆ ಅಡಗಿ ಕೂರಬಲ್ಲದು.

ಮುದ್ರಿಸುವಾಗ ಮನುಷ್ಯರಿಗೆ ಹೆಸರು ಬೇಕಲ್ಲ, ಅದಕ್ಕೆ ಬೈಂಡರ್ ಜೊತೆ ಒಂದು ಹೆಸರನ್ನು ಸುಳಿವಿಗೆ ಇಟ್ಟುಕೊಳ್ಳುವುದುಂಟು. ಇಡಿ, ಆದರೆ ಎರಡು ಟರ್ಮ್‌ಗಳನ್ನು ಓಕ್ಯಾಮಲ್‌ನ ಸಮ ಚಿಹ್ನೆಯಿಂದ ಹೋಲಿಸಬೇಡಿ. ಹೆಸರು ಬೇರೆಯಾದ ಮಾತ್ರಕ್ಕೆ ಒಂದೇ ಟರ್ಮ್ ಎರಡಾಗಿ ಕಾಣುತ್ತದೆ. ಹೋಲಿಕೆಗೆ ಸ್ವಂತ ಫಂಕ್ಷನ್ ಬರೆಯಿರಿ.

ಟೈಪ್ ಚೆಕರ್

ಇಲ್ಲಿ ಮೂರು ಕೆಲಸ: ಟರ್ಮ್‌ನ ಟೈಪ್ ಕಂಡುಹಿಡಿಯುವುದು, ಕೊಟ್ಟ ಟೈಪ್ ಹೊಂದುತ್ತದೆಯೇ ನೋಡುವುದು, ಎರಡು ಟೈಪ್ ಲೆಕ್ಕ ಮಾಡಿದರೆ ಒಂದೇ ಆಗುತ್ತವೆಯೇ ನೋಡುವುದು.

ಟೈಪ್‌ನ ಟೈಪ್ ಏನು ಎಂಬಲ್ಲಿ ‘ಟೈಪೇ’ ಎಂದು ಬರೆದುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಸ್ವೀಡನ್ನಿನ ತರ್ಕಶಾಸ್ತ್ರಜ್ಞ ಮಾರ್ಟಿನ್-ಲೋಫ್ ಅವರ 1971ರ ಮೊದಲ ಟೈಪ್ ಸಿದ್ಧಾಂತದಲ್ಲೂ ಹಾಗೇ ಇತ್ತು. ಫ್ರಾನ್ಸಿನ ತರ್ಕಶಾಸ್ತ್ರಜ್ಞ ಜಿರಾರ್ ಅದರಲ್ಲಿ ವಿರೋಧಾಭಾಸ ತೋರಿಸಿದರು. ಆದ್ದರಿಂದ ಮೊದಲ ದಿನದಿಂದಲೇ ಹಂತ ಇಡಿ: ಟೈಪ್ 0ಯ ಟೈಪ್ ಟೈಪ್ 1, ಹೀಗೇ ಮೇಲಕ್ಕೆ. ಪೈ ಟೈಪಿನ ಹಂತ ಅದರ ಎರಡು ಭಾಗಗಳ ಹಂತಗಳಲ್ಲಿ ದೊಡ್ಡದು. ಬಲಭಾಗ ಪ್ರಾಪ್ ಆಗಿದ್ದರೆ ಮಾತ್ರ ಇಡೀ ಪೈ ಪ್ರಾಪ್. ಕೆಳಹಂತದ ಟೈಪನ್ನು ಮೇಲಿನ ಹಂತದಲ್ಲೂ ಒಪ್ಪುವ ಸೌಲಭ್ಯ ರಾಕ್‌ನಲ್ಲಿದೆ, ಲೀನ್‌ನಲ್ಲಿಲ್ಲ. ನಿಮಗೂ ಸದ್ಯಕ್ಕೆ ಬೇಡ.

ಸಮಯ ತಿನ್ನುವುದು ಮೂರನೆಯ ಕೆಲಸ. ಎರಡೂ ಟರ್ಮ್‌ಗಳನ್ನು ಪೂರ್ತಿ ಬಿಡಿಸಿ ಹೋಲಿಸಿದರೆ ಉತ್ತರ ಸರಿಯೇ ಬರುತ್ತದೆ, ಆದರೆ ಸಂಖ್ಯೆಗಳನ್ನು ‘ಮುಂದಿನದು, ಮುಂದಿನದು...’ ಎಂದು ಬರೆಯುವ ಪದ್ಧತಿಯಲ್ಲಿ 100 ಗುಣಿಲೆ 100 ಎಂದರೆ 10,000 ಪದರ. ಕ್ರಮ ಹೀಗಿರಲಿ: ಮೊದಲು ಎರಡೂ ಮೆಮೊರಿಯಲ್ಲಿ ಒಂದೇ ವಸ್ತುವೇ ನೋಡಿ, ಆಮೇಲೆ ತಲೆಭಾಗವನ್ನು ಮಾತ್ರ, ಡೆಫಿನಿಷನ್ ಬಿಚ್ಚದೆ, ಸರಳಗೊಳಿಸಿ, ಎರಡರ ತಲೆಯಲ್ಲೂ ಒಂದೇ ಕಾನ್‌ಸ್ಟೆಂಟ್ ಇದ್ದರೆ ವಾದಗಳನ್ನು ಹೋಲಿಸಿ ನೋಡಿ, ಅದೂ ಕೂಡಿಬರದಿದ್ದರೆ ಆಗ ಡೆಫಿನಿಷನ್ ಬಿಚ್ಚಿ, ನಂತರ ಘೋಷಿಸಿದ್ದನ್ನು ಮೊದಲು.

ಇಂಡಕ್ಟಿವ್ ಟೈಪ್

ತನ್ನ ಮೌಲ್ಯಗಳನ್ನು ಯಾವ ಯಾವ ಬಗೆಯಲ್ಲಿ ಕಟ್ಟಬಹುದೆಂದು ಪಟ್ಟಿ ಕೊಟ್ಟು ಘೋಷಿಸುವ ಟೈಪೇ ಇಂಡಕ್ಟಿವ್ ಟೈಪ್. ಬಳಕೆದಾರರು ತಾವೇ ಘೋಷಿಸಬಲ್ಲ ಅದರ ಸಾಮಾನ್ಯ ರೂಪ ಮೊದಲ ಸೆಮಿಸ್ಟರ್‌ನಲ್ಲಿ ಬೇಡವೇ ಬೇಡ. ಸಂಖ್ಯೆ, ಸಮತೆ, ಸುಳ್ಳು, ‘ಮತ್ತು’, ‘ಅಥವಾ’ ಇವಿಷ್ಟನ್ನು ಕರ್ನಲ್ಲಿನಲ್ಲಿ ನೇರವಾಗಿ ಬರೆದುಬಿಡಿ, ಪ್ರತಿಯೊಂದಕ್ಕೂ ಒಂದು ರಿಕರ್ಸರ್ (ಅದರ ಮೇಲೆ ರಿಕರ್ಶನ್, ಅನುಗಮನ ಮಾಡಲು ಸಿದ್ಧ ಫಂಕ್ಷನ್) ಕೊಡಿ. ರಾಕ್‌ನ ಕರ್ನಲ್ ಪ್ಯಾಟರ್ನ್ ಮ್ಯಾಚ್ ಮತ್ತು ರಿಕರ್ಶನ್ ಎರಡನ್ನೂ ಒಪ್ಪಿ, ರಿಕರ್ಶನ್ ನಿಲ್ಲುತ್ತದೆಯೇ ಎಂದು ಬೇರೆ ಪರೀಕ್ಷೆ ಮಾಡುತ್ತದೆ. ಆ ಪರೀಕ್ಷೆ ಬರೆಯುವುದು ಸಣ್ಣ ಕೆಲಸವಲ್ಲ. ಲೀನ್ ಕರ್ನಲ್ ರಿಕರ್ಸರ್‌ಗಳನ್ನೇ ನಂಬಿದೆ. ಹೊಸಬರಿಗೆ ಅದೇ ಕ್ಷೇಮ.

ಸಾಮಾನ್ಯ ರೂಪ ಸೇರಿಸುವ ಹೊತ್ತು ಬಂದಾಗ ಪಾಸಿಟಿವಿಟಿ ಪರೀಕ್ಷೆ ತಪ್ಪಿಸಬೇಡಿ. ಈ ಘೋಷಣೆಯನ್ನು ನೋಡಿ:

ವಿಧ ಕೆಟ್ಟದ್ದು
  ಕಟ್ಟು : (ಕೆಟ್ಟದ್ದು → ಸುಳ್ಳು) → ಕೆಟ್ಟದ್ದು

‘ಕೆಟ್ಟದ್ದು’ ‘ಕಟ್ಟು’ವಿನ ವಾದದೊಳಗಿನ ಬಾಣದ ಎಡಗಡೆ ಬಂದಿದೆ, ಪಾಸಿಟಿವಿಟಿ ಪರೀಕ್ಷೆ ತಡೆಯುವುದು ಇದನ್ನೇ. ಇದನ್ನು ಒಪ್ಪಿದರೆ, ಸಿಕ್ಕ ‘ಕೆಟ್ಟದ್ದ’ನ್ನು ಬಿಚ್ಚಿ, ಒಳಗಿನ ಫಂಕ್ಷನ್‌ಗೆ ಅದನ್ನೇ ತಿನ್ನಿಸುವ ಒಂದು ಫಂಕ್ಷನ್ ಬರೆಯಬಹುದು, ಆ ಫಂಕ್ಷನ್ನನ್ನೇ ‘ಕಟ್ಟು’ವಿಗೆ ಕೊಟ್ಟು ಬಂದದ್ದನ್ನು ಮತ್ತೆ ಅದಕ್ಕೇ ಕೊಟ್ಟರೆ ‘ಸುಳ್ಳು’ ಸಾಧಿತ. ರಿಕರ್ಶನ್ ಕೂಡ ಬೇಕಿಲ್ಲ. ಪ್ರಾಪ್‌ನಲ್ಲಿರುವ ‘ಅಥವಾ’ದ ಸಾಧನೆಯನ್ನು ಒಡೆದು ಸಂಖ್ಯೆಯಂಥ ದತ್ತಾಂಶ ಹೊರತೆಗೆಯಲು ಬಿಡುವುದೂ ತಪ್ಪು; ಸಮತೆ ಮತ್ತು ಸುಳ್ಳಿಗೆ ಮಾತ್ರ ಆ ವಿನಾಯಿತಿ ಕೊಡಿ.

ಎಲಾಬೊರೇಟರ್ ಮತ್ತು ಟ್ಯಾಕ್ಟಿಕ್

ಬಳಕೆದಾರರು ಬರೆದದ್ದರಲ್ಲಿ ಹೆಸರುಗಳಿರುತ್ತವೆ, ಬಿಟ್ಟ ವಾದಗಳಿರುತ್ತವೆ. ಅದನ್ನು ತುಂಬಿ ಕರ್ನಲ್ ಟರ್ಮ್ ಮಾಡುವುದು ಎಲಾಬೊರೇಟರ್ ಕೆಲಸ. ಬಿಟ್ಟ ಜಾಗಕ್ಕೆ ಮೆಟಾವೇರಿಯೇಬಲ್ ಇಟ್ಟು ಯೂನಿಫಿಕೇಶನ್‌ನಿಂದ (ಎರಡು ಟರ್ಮ್ ಒಂದೇ ಆಗುವಂತೆ ಖಾಲಿ ಜಾಗಕ್ಕೆ ಬೆಲೆ ಹುಡುಕುವುದು) ತುಂಬಬೇಕು. ಖಾಲಿ ಜಾಗಕ್ಕೆ ಫಂಕ್ಷನ್ ಕೂಡ ಬರಬಹುದಾದ ಹೈಯರ್ ಆರ್ಡರ್ ಯೂನಿಫಿಕೇಶನ್ ಸಾಮಾನ್ಯವಾಗಿ ತೀರ್ಮಾನಿಸಲಾಗದ ಸಮಸ್ಯೆ. ಆದರೆ ಡೇಲ್ ಮಿಲ್ಲರ್ ಗುರುತಿಸಿದ ಪ್ಯಾಟರ್ನ್ ಭಾಗ, ಅಂದರೆ ಮೆಟಾವೇರಿಯೇಬಲ್‌ಗೆ ಕೊಟ್ಟ ವಾದಗಳೆಲ್ಲ ಬೇರೆಬೇರೆ ಬದ್ಧ ವೇರಿಯೇಬಲ್‌ಗಳಾಗಿರುವ ಸಂದರ್ಭ, ನೇರವಾಗಿ ಬಿಡಿಸಲು ಬರುತ್ತದೆ. ಅಷ್ಟನ್ನು ಬಿಡಿಸಿ. ಅದಕ್ಕೆ ಹೊಂದದ್ದನ್ನು ಪಕ್ಕಕ್ಕಿಟ್ಟು, ಬೇರೆ ಮೆಟಾವೇರಿಯೇಬಲ್ ತುಂಬಿದ ಮೇಲೆ ಮತ್ತೆ ನೋಡಿ. ತುಂಬುವ ಮುನ್ನ ಎರಡು ಪರೀಕ್ಷೆ: ಉತ್ತರದೊಳಗೆ ಅದೇ ಮೆಟಾವೇರಿಯೇಬಲ್ ಇಲ್ಲವೇ, ವ್ಯಾಪ್ತಿಯಲ್ಲಿಲ್ಲದ ವೇರಿಯೇಬಲ್ ಇಲ್ಲವೇ.

ಕರ್ನಲ್ಲಿಗೆ ಮೆಟಾವೇರಿಯೇಬಲ್ ಎಂಬುದೊಂದು ಇದೆ ಎಂದೇ ಗೊತ್ತಿರಬಾರದು. ಕರ್ನಲ್ ಟರ್ಮ್ ಒಂದು ಟೈಪ್, ಎಲಾಬೊರೇಟರ್ ಟರ್ಮ್ ಇನ್ನೊಂದು ಟೈಪ್. ಸ್ವಲ್ಪ ಕೋಡನ್ನು ಎರಡೆರಡು ಸಲ ಬರೆಯಬೇಕಾಗುತ್ತದೆ, ಆಗಲಿ.

ಟ್ಯಾಕ್ಟಿಕ್ ಎಂದರೆ ಸ್ಥಿತಿಯೊಂದನ್ನು ತೆಗೆದುಕೊಂಡು ಹೊಸ ಸ್ಥಿತಿ ಅಥವಾ ದೋಷ ಕೊಡುವ ಫಂಕ್ಷನ್. ಪ್ರತಿ ಗುರಿಯೂ ಇನ್ನೂ ತುಂಬದ ಒಂದು ಮೆಟಾವೇರಿಯೇಬಲ್, ಅದರ ಟೈಪ್, ಅದರ ಸ್ಥಳೀಯ ಊಹೆಗಳು. ಶುರುವಿಗೆ ಆರು ಟ್ಯಾಕ್ಟಿಕ್ ಸಾಕು: ಇಳಿಸು (ಗುರಿಯ ಪೈಯನ್ನು ಸ್ಥಳೀಯ ಊಹೆಯಾಗಿಸು), ಕೊಡು (ಗುರಿಗೆ ಪೂರ್ತಿ ಟರ್ಮ್ ಕೊಡು), ಅನ್ವಯಿಸು (ಲೆಮ್ಮಾ ಬಳಸು), ಸಮವೇ (ಲೆಕ್ಕದಿಂದ ಎರಡೂ ಬದಿ ಒಂದೇ), ತಿರುಗಿಬರೆ (ಸಮತೆಯೊಂದನ್ನು ಬಳಸಿ ಗುರಿಯನ್ನು ಬದಲಿಸು), ಅನುಗಮನ (ಇಂಡಕ್ಷನ್). ಮೊದಲ ಮೈಲಿಗಲ್ಲು ಇದು:

ಪ್ರಮೇಯ ಕೂಡು_ಸೊನ್ನೆ : (ನ : ಸಂಖ್ಯೆ) → ಕೂಡು ನ 0 = ನ
  ಇಳಿಸು ನ
  ಅನುಗಮನ ನ
  ಸಮವೇ
  ತಿರುಗಿಬರೆ ಹಿಂದಿನದು
  ಸಮವೇ

ಇಲ್ಲಿ ‘ಹಿಂದಿನದು’ ಎಂದರೆ ಅನುಗಮನದಿಂದ ಸಿಗುವ ಊಹೆ. ಕೂಡು ತನ್ನ ಮೊದಲ ವಾದದ ಮೇಲೆ ರಿಕರ್ಶನ್ ಮಾಡುವುದಾದರೆ ಇದಕ್ಕೆ ಅನುಗಮನ ಬೇಕೇಬೇಕು; ‘ಕೂಡು 0 ನ = ನ’ ಮಾತ್ರ ಬರೀ ಲೆಕ್ಕದಿಂದ ಸಿಗುತ್ತದೆ. ನಿಮ್ಮ ಪ್ರೂವರ್ ಎರಡನ್ನೂ ಬರೀ ‘ಸಮವೇ’ಯಿಂದ ಒಪ್ಪಿತೆಂದರೆ ಖುಷಿಪಡಬೇಡಿ, ಎಲ್ಲೋ ತೂತಿದೆ.

ತೊಂದರೆ ಕೊಡುವ ಟ್ಯಾಕ್ಟಿಕ್ ‘ಅನ್ವಯಿಸು’. ಲೆಮ್ಮಾದ ಟೈಪಿನಲ್ಲಿರುವ ಪೈಗಳ ಎಣಿಕೆಯಿಂದ ಗುರಿಯಲ್ಲಿರುವ ಪೈಗಳನ್ನು ಕಳೆದರೆ ಎಷ್ಟು ವಾದ ತುಂಬಬೇಕೆಂದು ತಿಳಿಯುತ್ತದೆ. ಆದರೆ ‘ಅಲ್ಲ ಎ’ ಎಂಬುದರೊಳಗೆ ‘ಎ → ಸುಳ್ಳು’ ಅಡಗಿರುವುದರಿಂದ ಎಣಿಕೆ ತಪ್ಪುತ್ತದೆ. ಕಳೆದು ಬಂದ ಸಂಖ್ಯೆಯಿಂದ ಶುರುಮಾಡಿ ಒಂದೊಂದೇ ಹೆಚ್ಚಿಸಿ ನೋಡಿ. ಇದೇ ಕಾರಣಕ್ಕೆ ‘ಇಳಿಸು’ ಕೂಡ ಗುರಿಯ ತಲೆಯನ್ನು ಬಿಚ್ಚಿ ನೋಡಿದ ಮೇಲಷ್ಟೇ ‘ಆಗುವುದಿಲ್ಲ’ ಎನ್ನಬೇಕು.

ಟ್ಯಾಕ್ಟಿಕ್ ತಪ್ಪಿದರೆ ಅದು ಗೊತ್ತಾಗುವುದು ಸಾಧನೆಯ ಕೊನೆಯಲ್ಲಿ, ಕರ್ನಲ್ ತಿರಸ್ಕರಿಸಿದಾಗ. 40 ಹೆಜ್ಜೆಗಳಲ್ಲಿ ಯಾವುದು ಕೆಟ್ಟಿತೆಂದು ಆಗ ಹೇಳಲಾಗದು. ಪ್ರತಿ ಹೆಜ್ಜೆಯ ನಂತರ ಅಪೂರ್ಣ ಟರ್ಮನ್ನು ಪರೀಕ್ಷಿಸುವ ಡೀಬಗ್ ಸ್ವಿಚ್ ಈಗಲೇ ಇಡಿ.

ಕನ್ನಡ ಹೆಸರು ಬಳಸುವುದಾದರೆ

ಬಳಸಿ, ಪರೀಕ್ಷಕರ ಮುಂದೆ ಚೆನ್ನಾಗಿಯೂ ಕಾಣುತ್ತದೆ. ಆದರೆ ಲೆಕ್ಸರ್ ಹಂತದಲ್ಲಿ ನಾಲ್ಕು ಗುಂಡಿಗಳಿವೆ.

ಕೆಲವು ಕೀಬೋರ್ಡ್‌ಗಳು ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಕೋಡ್‌ಪಾಯಿಂಟಾಗಿ ಕೊಡುತ್ತವೆ, ಕೆಲವು ಎತ್ವ ಮತ್ತು ದೀರ್ಘ ಊಕಾರದ ಚಿಹ್ನೆಗಳ ಜೋಡಿಯಾಗಿ ಕೊಡುತ್ತವೆ. ಕಣ್ಣಿಗೆ ಒಂದೇ, ಹ್ಯಾಶ್ ಟೇಬಲ್‌ಗೆ ಎರಡು ಬೇರೆ ಹೆಸರು. ಫೈಲ್ ಓದಿದ ಕೂಡಲೇ ಎನ್‌ಎಫ್‌ಸಿ ನಾರ್ಮಲೈಸೇಶನ್ (ಇಂಥ ಜೋಡಿಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ವಿಧಾನ) ಮಾಡಿ.

ಎರಡನೆಯದು ಸೊನ್ನೆ. ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಟೈಪ್ ಮಾಡಿದ ಪಠ್ಯ ಇಂಟರ್‌ನೆಟ್ಟಿನ ತುಂಬ ಇದೆ. ‘ಸಂಖ್ಯೆ’ ಹೀಗೆ ಎರಡು ಬಗೆಯಲ್ಲಿ ಬಂದರೆ ನಾರ್ಮಲೈಸೇಶನ್ ಏನೂ ಮಾಡುವುದಿಲ್ಲ, ಎರಡೂ ಬೇರೆ ಅಕ್ಷರಗಳಲ್ಲವೇ! ಕನ್ನಡ ಅಕ್ಷರಗಳ ನಡುವೆ ಅಂಕಿ ಸೊನ್ನೆ ಬಂದರೆ ದೋಷ ತೋರಿಸಿ, ಮೌನವಾಗಿ ತಿದ್ದಬೇಡಿ.

ಮೂರನೆಯದು ಅರ್ಧಾಕ್ಷರದ ನಂತರ ಬರುವ ಕಾಣದ ಝಡ್‌ಡಬ್ಲ್ಯೂಎನ್‌ಜೆ, ಅಂದರೆ ಮುಂದಿನ ಅಕ್ಷರ ಒತ್ತಕ್ಷರವಾಗದಂತೆ ತಡೆಯುವ ಯೂನಿಕೋಡ್ ಗುರುತು. ಪದದ ಕೊನೆಯಲ್ಲಿದ್ದರೆ ಅದು ತೋರುವುದೇ ಇಲ್ಲ, ಅಲ್ಲಿ ತೆಗೆದುಹಾಕಿ. ನಡುವೆ ಇದ್ದರೆ ರೂಪ ಬದಲಾಗುತ್ತದೆ, ಅಲ್ಲಿ ಉಳಿಸಿ.

ನಾಲ್ಕನೆಯದು ದೋಷದ ಸ್ಥಾನ. ‘ಸಂಖ್ಯೆ’ಯಲ್ಲಿ ಕಣ್ಣಿಗೆ ಕಾಣುವ ಅಕ್ಷರ 2, ಕೋಡ್‌ಪಾಯಿಂಟ್ 6, ಯುಟಿಎಫ್-8ರಲ್ಲಿ ಬೈಟ್ 18. ಎಡಿಟರ್ ಜೊತೆ ಮಾತಾಡುವ ಎಲ್‌ಎಸ್‌ಪಿ (ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್) ತಾನಾಗಿ ಎಣಿಸುವುದು ಯುಟಿಎಫ್-16 ಘಟಕಗಳಲ್ಲಿ, ಅಂದರೆ ಇಲ್ಲಿ 6. ಬೈಟ್ ಎಣಿಕೆ ಕಳಿಸಿದರೆ ಕೆಂಪು ಗೆರೆ ಸಾಲಿನಾಚೆ ಎಲ್ಲೋ ಬೀಳುತ್ತದೆ.

ರಿಫ್ಯಾಕ್ಟರಿಂಗ್

ಎರಡನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಕೋಡ್ ಗೋಜಲಾಗಿರುತ್ತದೆ. ಸಹಜ. ಕೈ ಹಚ್ಚುವ ಮೊದಲು ಎರಡು ಬಗೆಯ ಪರೀಕ್ಷಾ ಫೈಲ್ ಬೇಕು: ಪಾಸಾಗಲೇಬೇಕಾದವು ಮತ್ತು ಫೇಲಾಗಲೇಬೇಕಾದವು. ಎರಡನೆಯವೇ ಮುಖ್ಯ. ಮೇಲಿನ ‘ಕೆಟ್ಟದ್ದು’, ಟೈಪ್‌ನ ಟೈಪ್ ಅದೇ ಎಂದು ಒಪ್ಪಿಸುವ ಯತ್ನ, ಒಮ್ಮೆ ಘೋಷಿಸಿದ ಹೆಸರಿಗೆ ಮತ್ತೆ ಬೇರೆ ಅರ್ಥ ಕೊಡುವುದು, ತುಂಬದ ಗುರಿಯೊಂದಿಗೆ ಸಾಧನೆ ಮುಗಿಸುವುದು, ‘ಅಥವಾ’ದಿಂದ ಸಂಖ್ಯೆ ಕದಿಯುವುದು, ಎಲ್ಲಕ್ಕೂ ಒಂದೊಂದು ಫೈಲ್ ಇರಲಿ. ಜೊತೆಗೆ ಒಪ್ಪಿದ ಪ್ರತಿ ಘೋಷಣೆಯ ಹೆಸರು, ಅದರ ಟರ್ಮ್‌ನ ಹ್ಯಾಶ್, ಅದು ಆತುಕೊಂಡ ಆಕ್ಸಿಯಮ್‌ಗಳ ಪಟ್ಟಿ ಇವನ್ನು ಒಂದು ಪಠ್ಯ ಫೈಲಿಗೆ ಸುರಿಯುವ ಆಜ್ಞೆ ಬರೆಯಿರಿ. ಹ್ಯಾಶ್ ಲೆಕ್ಕದಿಂದ ಬೈಂಡರ್ ಹೆಸರು ಹೊರಗಿಡಿ. ವರ್ತನೆ ಬದಲಿಸದ ತಿದ್ದುಪಡಿಯ ಹಿಂದೆ-ಮುಂದೆ ಈ ಫೈಲಿನಲ್ಲಿ ಒಂದಕ್ಷರವೂ ಬದಲಾಗಬಾರದು.

ಮೊದಲ ಕೆಲಸ, ಕರ್ನಲ್ಲನ್ನು ಡ್ಯೂನ್‌ನಲ್ಲಿ ಪ್ರತ್ಯೇಕ ಲೈಬ್ರರಿ ಮಾಡುವುದು, ಅವಲಂಬನೆ ಶೂನ್ಯ. ಹೊರಗೆ ಕಾಣುವ ಇಂಟರ್‌ಫೇಸ್ ಫೈಲಿನಲ್ಲಿ ಪರಿಸರದ (ಈವರೆಗೆ ಒಪ್ಪಿದ ಘೋಷಣೆಗಳ ಸಂಗ್ರಹ) ಟೈಪ್ ಅಮೂರ್ತವಾಗಿರಲಿ. ಖಾಲಿ ಪರಿಸರ, ಘೋಷಣೆ ಸೇರಿಸು, ಹುಡುಕು, ಈ ಮೂರೇ ಬಾಗಿಲು. ಆಗ ಎಲಾಬೊರೇಟರ್‌ನ ಫಂಕ್ಷನ್ನನ್ನು ಕರ್ನಲ್ ಕರೆದರೆ ಬಿಲ್ಡ್ ನಿಲ್ಲುತ್ತದೆ. ದೊಡ್ಡವರೂ ಈ ಕೆಲಸವನ್ನು ತಡವಾಗಿಯೇ ಮಾಡಿದ್ದಾರೆ: ಕಾಕ್‌ನಲ್ಲಿ ಶುದ್ಧ ಫಂಕ್ಷನಲ್ ಆದ, ಬೇರೆಯಾಗಿ ನಿಂತ ಕರ್ನಲ್ ಬಂದದ್ದು 7ನೇ ಆವೃತ್ತಿಗಾಗಿ ಜಾನ್-ಕ್ರಿಸ್ಟೋಫ್ ಫಿಲಿಯಾತ್ರ್ ಅದರ ಒಳರಚನೆಯನ್ನು ಮರುವಿನ್ಯಾಸ ಮಾಡಿದಾಗ, ಅಂದರೆ ಕೆಲಸ ಶುರುವಾಗಿ ಒಂದೂವರೆ ದಶಕ ಕಳೆದ ಮೇಲೆ.

ಎರಡನೆಯದು, ಜಾಗತಿಕವಾಗಿ ಬದಲಾಗುವ ಸ್ಥಿತಿಯನ್ನು ತೆಗೆಯುವುದು. ಮೆಟಾವೇರಿಯೇಬಲ್‌ಗಳು ಹ್ಯಾಶ್ ಟೇಬಲ್‌ನಲ್ಲಿದ್ದರೆ, ‘ಇದಾಗದಿದ್ದರೆ ಅದು’ ಎನ್ನುವ ಟ್ಯಾಕ್ಟಿಕ್ ಅರ್ಧಕ್ಕೆ ಸೋತಾಗ ಅಲ್ಲಿಯವರೆಗೆ ತುಂಬಿದ್ದು ಹಾಗೇ ಉಳಿದು, ಮುಂದಿನ ಯತ್ನ ಅರ್ಥವಾಗದ ರೀತಿ ಸೋಲುತ್ತದೆ. ಬದಲಾಗದ ಮ್ಯಾಪ್ ಒಂದನ್ನು ರೆಕಾರ್ಡಿನಲ್ಲಿಟ್ಟು ಕೈಯಿಂದ ಕೈಗೆ ದಾಟಿಸಿ. ಹಿಂದಕ್ಕೆ ಹೋಗುವ ಅನ್‌ಡೂ ಪುಕ್ಕಟೆ ಸಿಗುತ್ತದೆ.

ಮೂರನೆಯದು ವೇಗ. ಸಬ್‌ಸ್ಟಿಟ್ಯೂಷನ್ ಬಿಟ್ಟು ನಾರ್ಮಲೈಸೇಶನ್ ಬೈ ಇವ್ಯಾಲ್ಯುಯೇಶನ್‌ಗೆ ಹೋಗುವುದು: ಟರ್ಮನ್ನು ಅದರ ವೇರಿಯೇಬಲ್‌ಗಳ ಮೌಲ್ಯಪಟ್ಟಿಯೊಂದಿಗೆ ಮೌಲ್ಯವಾಗಿಸಿ, ಬೇಕಾದಾಗ ಮರಳಿ ಟರ್ಮ್ ಮಾಡುವುದು. ಟರ್ಮ್‌ನಲ್ಲಿ ಇಂಡೆಕ್ಸ್, ಮೌಲ್ಯದಲ್ಲಿ ಹೊರಗಿನಿಂದ ಎಣಿಸುವ ಲೆವೆಲ್. ಹಾಗಿದ್ದರೆ ಹೊಸ ಬೈಂಡರ್ ಬಂದಾಗ ಮೌಲ್ಯಗಳನ್ನು ಶಿಫ್ಟ್ ಮಾಡಬೇಕಿಲ್ಲ. ಎರಡೂ ಬರೀ ಪೂರ್ಣಾಂಕಗಳಾದ್ದರಿಂದ ಅದಲುಬದಲಾಗುವುದು ಖಂಡಿತ, ಎರಡಕ್ಕೂ ಬೇರೆ ಟೈಪ್ ಕೊಡಿ. ಮೌಲ್ಯದೊಳಗೆ ಓಕ್ಯಾಮಲ್ ಫಂಕ್ಷನ್ ಕೂತಿದ್ದರೆ, ಎಲ್ಲೋ ಮರೆತುಹೋದ ಸಮ ಚಿಹ್ನೆಯ ಹೋಲಿಕೆ ಓಡುವಾಗ ಎಕ್ಸೆಪ್ಶನ್ ಎಸೆಯುತ್ತದೆ. ಕಂಪೈಲರ್ ಮೊದಲೇ ಹೇಳುವುದಿಲ್ಲ. ಹಳೆಯ ಚೆಕರ್ ಅಳಿಸಬೇಡಿ. ಕೆಲವು ವಾರ ಎರಡಕ್ಕೂ ಪ್ರತಿ ಘೋಷಣೆ ಕೊಟ್ಟು, ಉತ್ತರ ಬೇರೆಯಾದರೆ ಬಿಲ್ಡ್ ನಿಲ್ಲುವಂತೆ ಮಾಡಿ.

ಹ್ಯಾಶ್-ಕನ್ಸಿಂಗ್ (ಒಂದೇ ರೀತಿಯ ಟರ್ಮ್‌ಗಳನ್ನು ಮೆಮೊರಿಯಲ್ಲಿ ಒಂದೇ ಸಲ ಇಡುವುದು), ಪ್ಯಾರಲಲ್ ಚೆಕಿಂಗ್, ಕಂಪೈಲ್ ಆದ ಫೈಲ್‌ಗಳ ಕ್ಯಾಶ್ ಇವೆಲ್ಲ ಈ ಹಂತದಲ್ಲಿ ಬೇಡ. ಕ್ಯಾಶ್ ಮಾಡಲೇಬೇಕೆಂದರೆ ಮೌಲ್ಯಗಳನ್ನು ಫೈಲಿಗೆ ಬರೆದು ಮರಳಿ ಓದುವ ಓಕ್ಯಾಮಲ್‌ನ ಮಾರ್ಷಲ್ ಮಾಡ್ಯೂಲ್ ಓದುವಾಗ ಟೈಪ್ ನೋಡುವುದಿಲ್ಲ ಎಂಬುದು ನೆನಪಿರಲಿ: ಹಳೆಯ ಬಿಲ್ಡಿನ ಫೈಲ್ ತೆರೆದರೆ ಪ್ರೋಗ್ರಾಮ್ ಸುಮ್ಮನೆ ಬಿದ್ದುಹೋಗಬಹುದು. ಫೈಲಿನ ತಲೆಯಲ್ಲಿ ಪ್ರೂವರ್ ಬಿಲ್ಡಿನ ಡೈಜೆಸ್ಟ್ ಬರೆದು, ಹೊಂದದಿದ್ದರೆ ಎಸೆದು ಮತ್ತೆ ಚೆಕ್ ಮಾಡಿ.

ಒಂದು ಕಮಿಟ್‌ನಲ್ಲಿ ಒಂದೇ ಬದಲಾವಣೆ. ಕರ್ನಲ್ ತಿದ್ದುಪಡಿ ಮತ್ತು ಸಿಂಟ್ಯಾಕ್ಸ್ ತಿದ್ದುಪಡಿ ಒಟ್ಟಿಗೆ ಬಂದರೆ, ಫೇಲಾದ ಫೈಲ್ ಯಾವುದರಿಂದ ಫೇಲಾಯಿತೆಂದು ಹೇಳಲಾಗದು. ಅಂಥ ಕಮಿಟ್ ಬಂದರೆ ಗೆಳೆತನ ನೋಡದೆ ವಾಪಸ್ ಕಳಿಸಿ.

ಸಿಂಟ್ಯಾಕ್ಸ್ ಬದಲಿಸುವ ಆಸೆ ಇದ್ದರೆ ಲೈಬ್ರರಿ ಸಣ್ಣದಿರುವಾಗಲೇ ಬದಲಿಸಿ. ಲೀನ್ 3ರಿಂದ ಲೀನ್ 4ಕ್ಕೆ ಹೋದಾಗ ಮ್ಯಾಥ್‌ಲಿಬ್ ಎಂಬ ಗಣಿತ ಲೈಬ್ರರಿಯ ಸುಮಾರು 10 ಲಕ್ಷ ಸಾಲನ್ನು ಹೊಸ ಭಾಷೆಗೆ ಒಯ್ಯಬೇಕಾಯಿತು. ಅರೆಬರೆ ಅನುವಾದ ಮಾಡುವ ಸಾಧನ ಬರೆದುಕೊಂಡೂ ಆ ಕೆಲಸ ಮುಗಿದದ್ದು 2023ರಲ್ಲಿ. ನಿಮ್ಮದು 2,000 ಸಾಲು ದಾಟುವ ಮೊದಲು ಪ್ರತಿ ಫೈಲಿನ ಮೊದಲ ಸಾಲಿನಲ್ಲಿ ಸಿಂಟ್ಯಾಕ್ಸ್ ಆವೃತ್ತಿಯ ಸಂಖ್ಯೆ ಹಾಕುವ ನಿಯಮ ಮಾಡಿ. ಹಳೆಯ ಸಂಖ್ಯೆ ಕಂಡರೆ ಪಾರ್ಸರ್ ಹಳೆಯ ರೂಪವನ್ನೇ ಓದಿ, ಪ್ರೆಟಿ ಪ್ರಿಂಟರ್ ಮೂಲಕ ಹೊಸ ರೂಪದಲ್ಲಿ ಬರೆದುಕೊಡಲಿ. ಬರೆದುಕೊಟ್ಟದ್ದನ್ನು ಮತ್ತೆ ಓದಿಸಿ, ಹ್ಯಾಶ್ ಫೈಲ್ ತಾಳೆಯಾದ ಮೇಲಷ್ಟೇ ಹಳೆಯ ಪಾರ್ಸರ್ ಅಳಿಸಿ.